ಯಲಹಂಕ ನಾಡಪ್ರಭುಗಳ ವಿಗ್ರಹಗಳು



ಯಲಹಂಕ ನಾಡಪ್ರಭುಗಳಾದ ಹಿರಿಯ ಕೆಂಪೇಗೌಡರು ೧೫೩೭ರಲ್ಲಿ ಬೆಂಗಳೂರಿನ ಪೇಟೆಯನ್ನೂ ಮಣ್ಣಿನ ಕೋಟೆಯನ್ನೂ ಕಟ್ಟಿಸಿದರೆಂಬುದು ಸರ್ವವಿದಿತವಾದ ಸಂಗತಿಯು. ಆದರೆ ಆ ಪ್ರಭುಗಳ ರೂಪವನ್ನು ಶಿಲ್ಪಿಗಳು ಹೇಗೆ ನಿರ್ಮಿಸಿದರು, ಅವರ ಊರನ್ನು ಚಿತ್ರಕಾರರು ಹೇಗೆ ಬರೆದರು ಎಂಬುದನ್ನು ವಿಚಾರಿಸಿದವರು ವಿರಳ.

ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ ಪ್ರಭುಗಳ ಲೋಹವಿಗ್ರಹವೊಂದಿರುವುದು. ಅವರು ಕಾಲವಾದ ಮೇಲೆ ೧೬೦೯ರಲ್ಲಿ ಸ್ಥಾಪಿತವಾದುದು. ಅಲ್ಲಿ ಪ್ರಭುಗಳು ಕೈಮುಗಿದು ನಿಂತಿರುವರು. ಇದು ಬರಿಯ ವಿನಯವೆಂದು ತಿಳಿಯುವುದು ಅಲ್ಪದೃಷ್ಟಿಯೇ ಸರಿ. ದೇವರ ಸನ್ನಿಧಿಗೆ ಬಂದ ಪ್ರಜೆಯು ಪ್ರಭುವನ್ನೂ ಕಂಡೇ ಹಿಂದಿರುಗುವನು; ಆಳುವ ಮನೆತನದ ಅಧಿಕಾರವು ಭಕ್ತಿಯ ಬೆಂಬಲದಿಂದ ಭದ್ರವಾಗುವುದು.

೧೭೯೧ರಲ್ಲಿ ಕಾರ್ನವಾಲಿಸನ ಸೈನ್ಯದೊಡನೆ ರಾಬರ್ಟ್ ಹೋಮ್ ಎಂಬ ಆಂಗ್ಲ ಚಿತ್ರಕಾರನು ಬಂದನು. ಮಾರ್ಚ್ ೭ರಂದು ಪೇಟೆಯ ಬಾಗಿಲಿನಲ್ಲಿ ಮಡಿದ ಮೂರ್‌ಹೌಸನ ಮರಣವನ್ನು ಅವನು ಚಿತ್ರಿಸಿದನು. ಬೆಂಗಳೂರು ಮೊದಲಾದ ಸ್ಥಳಗಳ ನೋಟಗಳನ್ನು ೧೭೯೪ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಕಟ್ಟಿದವರ ಊರು ಆ ಚಿತ್ರಗಳಲ್ಲಿ ಗೆದ್ದವರ ಸ್ವತ್ತಾಗಿ ತೋರುವುದು. ಕುಂಚಕ್ಕೂ ಪಕ್ಷವುಂಟು! ಆ ಮುತ್ತಿಗೆಯಲ್ಲಿ ಸತ್ತ ಆಂಗ್ಲರಿಗಾಗಿ ಎತ್ತಿದ ಸ್ಮಾರಕಸ್ತಂಭವು ಬಹುಕಾಲ ಊರ ನಡುವೆ ನಿಂತಿದ್ದು, ೧೯೬೪ರಲ್ಲಿ ತೆಗೆಯಲ್ಪಟ್ಟಿತು. ಅದೇ ವರ್ಷ ನಗರಸಭೆಯ ಕಛೇರಿಯ ಮುಂದೆ ಕೆಂಪೇಗೌಡರ ಪ್ರತಿಮೆಯು ಸ್ಥಾಪಿತವಾಯಿತು. ಒಂದು ಸ್ಮರಣೆಯು ಇಳಿದು ಇನ್ನೊಂದು ಏರಿತು.

ಇತ್ತೀಚಿನದು ಎಲ್ಲಕ್ಕಿಂತ ಹಿರಿದಾದುದು. ೨೦೨೨ರ ನವೆಂಬರ್ ೧೧ರಂದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ೧೦೮ ಅಡಿಗಳ ಕಂಚಿನ ಪ್ರತಿಮೆಯನ್ನು ಪ್ರಧಾನಮಂತ್ರಿಗಳು ಅನಾವರಣಗೊಳಿಸಿದರು. ರಾಮ್ ಸುತಾರರು ಅದರ ಶಿಲ್ಪಿಗಳು. ಖಡ್ಗವೊಂದೇ ೪ ಟನ್ ತೂಗುವುದು. ನಾಡಿನ ನಾನಾ ಗ್ರಾಮಗಳಿಂದ ಮೃತ್ತಿಕೆಯನ್ನು ತಂದು ಆ ಸ್ಥಳದಲ್ಲಿ ಕೂಡಿಸಿದರು. ಆರು ತಿಂಗಳಿಗೆ ವಿಧಾನಸಭೆಯ ಚುನಾವಣೆಯೂ ಬಂದಿತು. ಇವೆರಡಕ್ಕೂ ಇರುವ ನಂಟನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಶಿವಗಂಗೆಯಲ್ಲಿ ಮುಗಿದಿದ್ದ ಕೈಯು ಇಲ್ಲಿ ಖಡ್ಗವನ್ನು ಹಿಡಿದಿರುವುದು. ಕೆರೆಗಳನ್ನು ಕಟ್ಟಿಸಿ, ಪೇಟೆಯನ್ನು ನೆಲೆಗೊಳಿಸಿದ ಪ್ರಭುಗಳಿಗೆ ಯೋಧನ ವೇಷವೊಂದೇ ಸಾಕಾಯಿತೆ? ಶಿಲ್ಪದ ಕೌಶಲವನ್ನು ಅಲ್ಲಗಳೆಯುವಂತಿಲ್ಲ, ಆಯ್ಕೆಯನ್ನು ಪ್ರಶ್ನಿಸಬಹುದು.

ನಗರದ ಎಲ್ಲೆಯ ಗುರುತೆಂದು ಜನರು ಹೇಳುವ ನಾಲ್ಕು ಗೋಪುರಗಳಲ್ಲಿ ಒಂದು, ಯಲಹಂಕದ ದಾರಿಯಲ್ಲಿ, ಮೇಖ್ರಿ ವೃತ್ತದ ಬಳಿ ಇರುವುದು. ೨೦೦೭ರಲ್ಲಿ ಯಲಹಂಕವೇ ನಗರಾಡಳಿತದೊಳಗೆ ಸೇರಿಹೋದುದರಿಂದ ಆ ಎಲ್ಲೆಯು ಎಂದೋ ಅಳಿಸಿದೆ. ಕಂಚಿನ ಪ್ರಭುಗಳನ್ನು ನೋಡಲು ವಾಹನಗಳಲ್ಲಿ ಧಾವಿಸುವವರಲ್ಲಿ ಆ ಸಣ್ಣ ಕಲ್ಲಿನ ಗೋಪುರದತ್ತ ಕಣ್ಣು ಹೊರಳಿಸುವವರು ಬಹಳ ಮಂದಿಯಿಲ್ಲ.