ಕೇಸ್ ಶೀಟಿನಲ್ಲಿ ಬರೆಯದೆ ಉಳಿದದ್ದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಿಂದ ಶುಶ್ರೂಷಾಧಿಕಾರಿಗಳು, ವೈದ್ಯರು, ಸಮುದಾಯ ಆರೋಗ್ಯಾಧಿಕಾರಿಗಳು, ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿಗಳು ಬೆಳಗಿನ ಬಸ್ಸು ಹಿಡಿದು ಬಂದಿದ್ದೀರಿ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರೂ ನಿಮ್ಮಲ್ಲಿದ್ದೀರಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡುತ್ತೇನೆ.

ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಬರೆದ ವಾಕ್ಯ ಯಾವುದೆಂದು ಮೊನ್ನೆ ಯೋಚಿಸುತ್ತಿದ್ದೆ. ‘ರೋಗಿ ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ.’ ಇದೇ ಇರಬೇಕು. ಬರೆದು, ಸಹಿ ಹಾಕಿ, ಮುಂದಿನ ಹಾಸಿಗೆಗೆ ಹೋಗಿಬಿಡುತ್ತಿದ್ದೆ. ಯಾಕೆ ತೆಗೆದುಕೊಂಡಿಲ್ಲ ಎಂದು ಬರೆಯಲು ಆ ಹಾಳೆಯಲ್ಲಿ ಜಾಗವೂ ಇರಲಿಲ್ಲ, ಅದನ್ನು ಕೇಳುವುದು ನನ್ನ ಕೆಲಸ ಎಂದು ಯಾರೂ ಹೇಳಿರಲೂ ಇಲ್ಲ.

ಎಚ್.ಡಿ. ಕೋಟೆ ಕಡೆಯ ಹಾಡಿಯೊಂದರ ಹನ್ನೊಂದು ವರ್ಷದ ಹುಡುಗಿ ಆ ಅಭ್ಯಾಸ ಬಿಡಿಸಿದಳು. ಅವಳಿಗೆ ಸಿಕಲ್ ಸೆಲ್ ಕಾಯಿಲೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಬರುವ ಮೂಳೆನೋವು ನೋಡಿದವರಿಗೇ ಗೊತ್ತು. ಮಗು ಅಳುವುದಿಲ್ಲ, ಮೊಣಕಾಲು ಎದೆಗೊತ್ತಿಕೊಂಡು, ಯಾರೂ ಮುಟ್ಟದಿದ್ದರೆ ಸಾಕೆಂದು ಗೋಡೆ ಕಡೆ ತಿರುಗಿ ಮಲಗಿರುತ್ತದೆ. ಒಂದೇ ಚಳಿಗಾಲದಲ್ಲಿ ಮೂರು ಸಲ ಬಂದು ದಾಖಲಾದಳು. ಮೂರು ಸಲವೂ ಡ್ರಿಪ್, ನೋವಿನ ಇಂಜೆಕ್ಷನ್, ಹೈಡ್ರಾಕ್ಸಿಯೂರಿಯಾ ತಪ್ಪಿಸಬಾರದೆಂಬ ಬುದ್ಧಿಮಾತು. ಮೂರನೆಯ ಸಲ ನನ್ನ ಜೊತೆಗಿದ್ದ ಕಿರಿಯ ಸಿಸ್ಟರ್ ಹಾಸಿಗೆಯ ಅಂಚಿನಲ್ಲಿ ಕೂತು, ಹುಡುಗಿಯ ಅವ್ವನನ್ನು ಮಾತಿಗೆಳೆದಳು. ಅರ್ಧ ಗಂಟೆಯಾದ ಮೇಲೆ ಆ ತಾಯಿ ಹೇಳಿದ್ದಿಷ್ಟೆ: “ಕೊಡಗಿಗೆ ಕಾಪಿ ಕುಯ್ಯಕ್ ಹೋಯ್ತೀವಲ್ಲ ಸಿಸ್ಟ್ರೆ, ಅಲ್ಲಿ ಮಾತ್ರೆ ಯಾರ್ ಕೊಡ್ತಾರೆ?”

ಕಾಫಿ ಹಣ್ಣಾಗುವುದು ಚಳಿಗಾಲದಲ್ಲಿ. ಸಿಕಲ್ ಸೆಲ್ ನೋವನ್ನು ಕೆರಳಿಸುವುದು ಚಳಿ, ನೀರು ಕುಡಿಯದಿರುವುದು, ದಣಿವು, ಸೋಂಕು. ಈ ನಾಲ್ಕೂ ಒಟ್ಟಿಗೆ ಬರುವ ತಿಂಗಳುಗಳಲ್ಲೇ ಆ ಸಂಸಾರ ತೋಟದ ಲೈನ್ ಮನೆಯಲ್ಲಿರುತ್ತದೆ. ನಾವು ಕೊಟ್ಟ ಹದಿನೈದು ದಿನದ ಮಾತ್ರೆ ಮುಗಿದಿರುತ್ತದೆ. ವೈದ್ಯರಿಗೆ ಔಷಧಿ ಗೊತ್ತಿತ್ತು, ತಾಯಿಗೆ ತೋಟದ ಲೆಕ್ಕ ಗೊತ್ತಿತ್ತು. ಇವೆರಡನ್ನೂ ಒಂದೆಡೆ ಕೂಡಿಸಿದ್ದು ಆ ಸಿಸ್ಟರ್. ಸುಮ್ಮನೆ ಹೆಚ್ಚು ಮಾತ್ರೆ ಕೊಟ್ಟು ಕಳಿಸುವಂತಿಲ್ಲ, ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರ ರಕ್ತಕಣಗಳ ಎಣಿಕೆಯನ್ನು ಆಗಾಗ ನೋಡುತ್ತಿರಬೇಕು. ಆದ್ದರಿಂದ ಅವಳು ಮೊದಲು ವೈದ್ಯರ ಹತ್ತಿರ, ಆಮೇಲೆ ಫಾರ್ಮಸಿಸ್ಟ್ ಹತ್ತಿರ ಮಾತಾಡಿದಳು. ತೋಟಕ್ಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನಂಬರು ಹುಡುಕಿ, ಅಲ್ಲಿ ರಕ್ತಪರೀಕ್ಷೆ ಆಗುವಂತೆ ನೋಡಿಕೊಂಡಳು. ಅವ್ವನ ಮೊಬೈಲಿಗೆ ಒಂದು ಅಲಾರಂ ಇಟ್ಟುಕೊಟ್ಟಳು. ಹುಡುಗಿಗೆ ಒಂದು ನೀರಿನ ಬಾಟಲಿ ಕೊಟ್ಟು, ದಿನಕ್ಕೆ ಎಷ್ಟು ಸಲ ಖಾಲಿಯಾಗಬೇಕೆಂದು ಅದರ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಳು.

ಪರಿಣತ ಶುಶ್ರೂಷಕಿ ಎಂದರೆ ಯಾರೆಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಬಾಟಲಿಯ ಗೆರೆ. ಗೆರೆ ಎಲ್ಲಿಗೆ ಎಳೆಯಬೇಕೆಂಬುದು ಕಾಯಿಲೆಯ ಜ್ಞಾನ. ಎಳೆಯಬೇಕೆಂದು ತೋಚಿದ್ದು ಆ ಮಗುವಿನ ಬದುಕಿನ ಜ್ಞಾನ.

ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾದದ್ದು 2023ರ ಜುಲೈ 1ರಂದು. ನಲವತ್ತು ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆಯ ಗುರಿ. ಬಹಳ ಒಳ್ಳೆಯ ಕೆಲಸ, ಬೇಕಾಗಿದ್ದ ಕೆಲಸ. ಆದರೆ ರಕ್ತ ತೆಗೆದು ಕಾರ್ಡು ಕೊಟ್ಟಲ್ಲಿಗೆ ಅದು ಮುಗಿಯುವುದಿಲ್ಲ. ತಂದೆತಾಯಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಜೇನುಕುರುಬರ ಹಾಡಿಯಲ್ಲಿ ಕೂತು, ಮದುವೆಗೆ ಬಂದ ಹುಡುಗಿಯ ಮರ್ಯಾದೆಗೆ ಊನ ಬಾರದ ಹಾಗೆ ಯಾರು ಹೇಳುತ್ತಾರೆ? ಮೈಸೂರಿನ ವೈದ್ಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೇ ಕೋಟೆ ಸೀಮೆಯಲ್ಲಿ ಬೇರೂರಿ, ಕೆಂಚನಹಳ್ಳಿ ಮತ್ತು ಸರಗೂರಿನಲ್ಲಿ ಆಸ್ಪತ್ರೆ ಕಟ್ಟಿತು. ಹಾಡಿಯ ಜನರ ನಂಬಿಕೆ ಗಳಿಸಲು ವರ್ಷಗಟ್ಟಲೆ ನಡೆಯಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಒಂದು ಕಹಿ ಮಾತು. 2018ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯಾಧಿಕಾರಿಗಳು ಬಂದರು, ಅವರಲ್ಲಿ ಬಹುಪಾಲು ನರ್ಸಿಂಗ್ ಓದಿದವರು. ಹದಿನೆಂಟು ತಿಂಗಳ ಮಿಡ್‌ವೈಫರಿ ತರಬೇತಿ ಬಂತು. ತೀವ್ರ ನಿಗಾ ಆರೈಕೆಯಲ್ಲಿ ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಬಂತು. 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯೂ ಬಂತು. ಓದಿಗೆ ಬಾಗಿಲು ತೆರೆದಿದೆ, ಓದಿ ಬಂದವರಿಗೆ ಕುರ್ಚಿ ಇಲ್ಲ. ನವಜಾತ ಶಿಶುಗಳ ಆರೈಕೆಯಲ್ಲಿ ವಿಶೇಷ ತರಬೇತಿ ಮುಗಿಸಿ ಬಂದ ಸಿಸ್ಟರ್ ಒಬ್ಬರನ್ನು ಮರುವಾರವೇ ಹೊರರೋಗಿಗಳ ಚೀಟಿ ಬರೆಯಲು ಕೂರಿಸಿದ್ದನ್ನು ನಾನು ಕಂಡಿದ್ದೇನೆ. ಆಳು ಕಡಿಮೆ ಎಂಬುದು ನಿಜ. ಆದರೆ ಎರಡು ತಿಂಗಳ ಮೇಲೆ ಆ ಕೈ ತಾನು ಕಲಿತದ್ದನ್ನು ಮರೆಯುತ್ತದೆ ಎಂಬುದೂ ಅಷ್ಟೇ ನಿಜ. ಹುದ್ದೆ ಕಲಿಕೆಯ ಜೊತೆಗೇ ಇರಬೇಕು ಎಂದು ಈ ಗೋಷ್ಠಿ ಬರವಣಿಗೆಯಲ್ಲಿ ಕೇಳಬೇಕು.

ನಮ್ಮ ನಾಲ್ಕು ತಾಲ್ಲೂಕುಗಳ ಕಷ್ಟ ಒಂದೇ ತರಹದ್ದಲ್ಲ. ಕೆ.ಆರ್. ನಗರದ ಭತ್ತದ ಬಯಲಿನಲ್ಲಿ, ಬರಿಗಾಲಲ್ಲಿ ಗದ್ದೆಗಿಳಿಯುವ ಸಕ್ಕರೆ ಕಾಯಿಲೆಯವರ ಪಾದ ನೋಡುವ ಸಿಸ್ಟರ್ ಬೇಕು. ಬೈಲಕುಪ್ಪೆಯ ಟಿಬೆಟನ್ ವೃದ್ಧರ ಕ್ಷಯ ಚಿಕಿತ್ಸೆಗೆ, ಅವರ ಭಾಷೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡುವವರು ಬೇಕು. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಒದ್ದೆ ಎಲೆಯ ನಿಕೋಟಿನ್ ಚರ್ಮಕ್ಕಿಳಿದು ವಾಂತಿ, ತಲೆಸುತ್ತು ಎಂದು ಬರುವ ಹೆಂಗಸರನ್ನು ‘ಪಿತ್ತ’ ಎಂದು ಕಳಿಸದೆ, ಬೆಳಿಗ್ಗೆ ಯಾವ ಕೆಲಸ ಮಾಡಿದಿರಿ ಎಂದು ಕೇಳುವವರು ಬೇಕು.

ಹುಣಸೂರು ತಾಲ್ಲೂಕಿನ ಒಂದು ಮನೆಯ ವಿಷಯ ಹೇಳಲೇಬೇಕು. ಅಂಗಳದಾಚೆ ಹೊಗೆಸೊಪ್ಪಿನ ಬ್ಯಾರನ್, ಅದರೊಳಗೆ ಸೊಪ್ಪು ಬೇಯುತ್ತಿದೆ. ಯಜಮಾನರಿಗೆ ಬಾಯಿ ಕ್ಯಾನ್ಸರ್, ಕೆನ್ನೆ ತೂತಾಗಿದೆ. ಹಿತ್ತಿಲ ಕೋಣೆಗೆ ಹಾಸಿಗೆ ಹೋಗಿ ತಿಂಗಳಾಗಿದೆ, ವಾಸನೆಗೆ ಮೊಮ್ಮಗ ಹತ್ತಿರ ಬರುವುದಿಲ್ಲ. ಉಪಶಾಮಕ ಆರೈಕೆಯಲ್ಲಿ ಪಳಗಿದ ಸಿಸ್ಟರ್ ಅಲ್ಲಿಗೆ ಹೋದರು. ವೈದ್ಯರು ಬರೆದುಕೊಟ್ಟ ಮಾರ್ಫಿನ್ ಮಾತ್ರೆಯನ್ನು ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮುಂಚೆಯೇ ಕೊಟ್ಟರು. ಹಳೆಯ ಬಟ್ಟೆಯನ್ನು ಎಳೆಯದೆ, ಉಪ್ಪುನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸಿದರು. ಮೆಟ್ರೊನಿಡಜೋಲ್ ಮಾತ್ರೆ ಕುಟ್ಟಿ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿದರು, ಸೊಸೆಗೂ ಕಲಿಸಿದರು. ಕೆಲವೇ ದಿನಗಳಲ್ಲಿ ವಾಸನೆ ಇಳಿಯಿತು, ಹಾಸಿಗೆ ನಡುಮನೆಗೆ ಬಂತು.

ನೋವು ಇಳಿದರೂ ನಿದ್ದೆ ಬರಲಿಲ್ಲ. ಮಾರ್ಫಿನ್ ಹೆಚ್ಚಿಸಬೇಕೇ ಎಂಬ ಮಾತು ತಂಡದಲ್ಲಿ ಬಂದಾಗ ಸಿಸ್ಟರ್ ಒಂದು ದಿನ ತಡೆಯಿರಿ ಎಂದರು. ಮಾತು ನಿಂತುಹೋಗಿದ್ದ ಆ ಹಿರಿಯರ ಕೈಗೆ ಮೊಮ್ಮಗನ ಸ್ಲೇಟು ಕೊಟ್ಟರು. ಅವರು ಬರೆದದ್ದು: ‘ಲೈಸೆನ್ಸ್ ಯಾರ ಹೆಸರಿಗೆ?’ ತಂಬಾಕು ಮಂಡಳಿಯ ಲೈಸೆನ್ಸು ಅವರ ಹೆಸರಿನಲ್ಲಿತ್ತು. ತಾನು ಹೋದ ಮೇಲೆ ಮಗ ಸೊಪ್ಪನ್ನು ಹರಾಜಿಗೆ ಹೇಗೆ ಒಯ್ಯುತ್ತಾನೆಂಬ ಚಿಂತೆ ರಾತ್ರಿಯೆಲ್ಲ ಕೊರೆಯುತ್ತಿತ್ತು. ಮಗ ಮಂಡಳಿಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದು, ಕಾಗದವನ್ನು ಅಪ್ಪನ ಕೈಯಲ್ಲಿಟ್ಟ. ಆ ರಾತ್ರಿ ಅವರು ಮಲಗಿದರು.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಆರಂಭಿಸಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ. ಮೈಯ ನೋವು, ಮನಸ್ಸಿನ ನೋವು, ಮನೆಯ ಚಿಂತೆ ಎಲ್ಲವೂ ಸೇರಿ ಒಂದೇ ನೋವು ಎಂದು ಅವರು ಕಂಡುಕೊಂಡರು. ಒಬ್ಬರೇ ಮೂರು ವೃತ್ತಿ ಮಾಡಲು ಎಲ್ಲರಿಂದಲೂ ಆಗದು. ಆದ್ದರಿಂದಲೇ ತಂಡ ಬೇಕು, ಸ್ಲೇಟು ಓದಿದವರ ಮಾತಿಗೆ ಆ ತಂಡದಲ್ಲಿ ತೂಕವೂ ಬೇಕು. ಅಂದು ವೈದ್ಯರು ಒಂದು ದಿನ ತಡೆದರು. ಅವರ ದೊಡ್ಡತನವನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಮಧ್ಯಾಹ್ನದ ಗೋಷ್ಠಿಯಲ್ಲಿ ನಾಲ್ಕು ತಾಲ್ಲೂಕಿನಿಂದ ನಾಲ್ಕು ಪ್ರಕರಣಗಳನ್ನು ಚರ್ಚಿಸಲಿದ್ದೇವೆ. ಸಂಘಟಕರಲ್ಲಿ ನನ್ನದೊಂದು ಕೋರಿಕೆ. ಪ್ರತಿ ಪ್ರಕರಣದಲ್ಲೂ ಆ ಮನೆಗೆ ಹೋಗಿ ಬಂದ ಆಶಾ ಅಥವಾ ಸಿಸ್ಟರ್ ಮೊದಲು ಮಾತಾಡಲಿ, ಎಕ್ಸ್-ರೇ, ರಕ್ತದ ವರದಿ ಆಮೇಲೆ ಪರದೆಯ ಮೇಲೆ ಬರಲಿ. ನಿಮಗೆ ಕೊಟ್ಟಿರುವ ಫೈಲಿನ ಕೊನೆಯಲ್ಲಿ ಒಂದು ಮಾದರಿ ಕೇಸ್ ಶೀಟ್ ಇದೆ. ಅದರಲ್ಲಿ ‘ಮಾತ್ರೆ ತೆಗೆದುಕೊಂಡಿಲ್ಲ’ ಎಂಬುದರ ಕೆಳಗೆ ಮೂರು ಗೆರೆ ಖಾಲಿ ಬಿಟ್ಟಿದ್ದೇವೆ. ಊಟಕ್ಕೆ ಏಳುವ ಮುಂಚೆ, ನಿಮ್ಮ ನೆನಪಿನಲ್ಲಿರುವ ಒಬ್ಬ ರೋಗಿಯ ಬಗ್ಗೆ ಅಲ್ಲಿ ಬರೆಯಿರಿ.