ಹುಳುಮನೆಯ ಕಿಟಕಿಗೆ ಬಲೆಯ ಚೌಕಟ್ಟು: ಮರದ ಮೂಲೆ ಕೂಡಿಸುವ ಕ್ರಮ

(ಬಂಡಳ್ಳಿಯ ರೇಷ್ಮೆ ಬೆಳೆಗಾರರ ಮುಂದೆ ಗ್ರಾಮಸೇವಕರು ಮಾಡಿದ ಭಾಷಣ)



ಈ ಹೊತ್ತು ನಾನು ಗೊಬ್ಬರದ ಮಾತಾಗಲಿ, ಬಿತ್ತನೆಯ ಮಾತಾಗಲಿ ಆಡಲು ನಿಂತಿಲ್ಲ. ಗರಗಸದ ಮಾತು ಆಡಲು ನಿಂತಿದ್ದೇನೆ. ಬೇಸಾಯಕ್ಕೂ ಗರಗಸಕ್ಕೂ ಏನು ನಂಟು ಎಂದು ತಾವು ಕೇಳಬಹುದು. ಆ ನಂಟನ್ನು ಕಲ್ಪಿಸಿದ್ದು ಊಜಿ ನೊಣ.

ನಮ್ಮ ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ಹಿಪ್ಪುನೇರಳೆ ಹಳೆಯ ಬೆಳೆ. "ನಮ್ಮ ತಾತ ಮುತ್ತಾತಂದಿರು ಹುಳು ಸಾಕಲಿಲ್ಲವೇ? ಅವರು ಕಿಟಕಿಗೆ ಬಲೆ ಕಟ್ಟಿದ್ದರೇ?" ಎಂದು ಹಿರಿಯರು ಕೇಳುವುದುಂಟು. ಕೇಳುವುದು ನ್ಯಾಯವೇ ಸರಿ. ಅವರು ಕಟ್ಟಲಿಲ್ಲ, ಕಟ್ಟುವ ಅಗತ್ಯವೂ ಅವರಿಗೆ ಇರಲಿಲ್ಲ. ಈ ನೊಣ ಮೊದಲು ಪಶ್ಚಿಮ ಬಂಗಾಳದ ಕಡೆ ಇದ್ದದ್ದು. ಕರ್ನಾಟಕಕ್ಕೆ ಅದು ಕಾಲಿಟ್ಟದ್ದು 1980ರಲ್ಲಿ. ಅಲ್ಲಿಂದೀಚೆಗೆ ತೆರೆದ ಕಿಟಕಿಯ ಹುಳುಮನೆಯೆಂದರೆ ಬಾಗಿಲು ಹಾಕದ ಕಣಜವಿದ್ದಂತೆ.

ಈ ನೊಣ ಮಾಡುವುದೇನೆಂಬುದನ್ನು ತಾವು ಕಣ್ಣಾರೆ ಕಂಡಿದ್ದೀರಿ. ಹುಳುವಿನ ಮೈಮೇಲೆ ಬಿಳಿಯ ಚುಕ್ಕೆಯಂಥ ಮೊಟ್ಟೆ ಇಡುತ್ತದೆ. ಎರಡು ಮೂರು ದಿನದಲ್ಲಿ ಮೊಟ್ಟೆಯೊಡೆದು ಮರಿ ಹುಳುವಿನ ಮೈಯೊಳಕ್ಕೆ ಕೊರೆದು ಹೋಗುತ್ತದೆ. ಹೊಕ್ಕ ಕಡೆ ಕಪ್ಪು ಕಲೆ ಉಳಿಯುತ್ತದೆ. ನಾಲ್ಕನೆಯ ಹಂತದಲ್ಲಿ ಮೊಟ್ಟೆ ಬಿದ್ದರೆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಹಣ್ಣಾಗುವ ಹೊತ್ತಿಗೆ ಬಿದ್ದರೆ ಗೂಡನ್ನೇನೋ ಕಟ್ಟುತ್ತದೆ, ಆದರೆ ಆ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಒಂದು ಗೂಡೆಂದರೆ ನೂರಾರು ಮೀಟರು ಉದ್ದದ ಒಂದೇ ಎಳೆ. ತೂತು ಬಿದ್ದ ಗೂಡಿನಲ್ಲಿ ಆ ಎಳೆ ಕಡಿದು ಹೋಗಿರುತ್ತದೆ. ಅದನ್ನು ಬಿಚ್ಚಾಣಿಕೆಯವರು ಬಿಚ್ಚಲಾರರು. ರಾಮನಗರದ ಮಾರುಕಟ್ಟೆಗೆ ಒಯ್ದರೂ ಅಂಥ ಗೂಡಿಗೆ ಒಳ್ಳೆಯ ಬೆಲೆ ಹುಟ್ಟದು. ಇಪ್ಪತ್ತೈದು ದಿನ ಸೊಪ್ಪು ಹಾಕಿದ ಕೈಗೆ ಕೊನೆಗೆ ದಕ್ಕುವುದು ಕಸ.

ಹಾಗಾದರೆ ಕಿಟಕಿಯನ್ನೇ ಮುಚ್ಚಿಬಿಡೋಣವೇ? ಬೇಡ. ಹುಳುವಿಗೆ ಗಾಳಿ ಬೇಕು. ಮುಚ್ಚಿದ ಮನೆಯಲ್ಲಿ ಸೆಕೆಯೂ ತೇವವೂ ಕೂಡಿ ಹಾಲುತೊಂಡೆ, ಸಪ್ಪೆ ರೋಗಗಳಿಗೆ ದಾರಿಯಾಗುತ್ತದೆ. ಗಾಳಿ ಬರಬೇಕು, ನೊಣ ಬರಬಾರದು. ಅದಕ್ಕೆ ಬಲೆಯೊಂದೇ ಉಪಾಯ.

ಬಲೆ ಇದ್ದೂ ನೊಣ ಏಕೆ ಬರುತ್ತದೆ?

ಅನೇಕ ಮನೆಗಳಲ್ಲಿ ನೈಲಾನ್ ಬಲೆಯನ್ನು ಕಿಟಕಿಗೆ ನೇರವಾಗಿ ಮೊಳೆ ಹೊಡೆದು ಬಿಗಿದಿರುತ್ತಾರೆ. ಒಂದೆರಡು ಬೆಳೆ ಕಳೆಯುವಷ್ಟರಲ್ಲಿ ಮೊಳೆಯ ಬಳಿ ಬಲೆ ಹರಿಯುತ್ತದೆ, ನಡುವೆ ಜೋಲುತ್ತದೆ. ತೊಳೆಯಲು ಬಿಚ್ಚುವಂತಿಲ್ಲ. ಮನೆಗೆ ಬ್ಲೀಚಿಂಗ್ ಪುಡಿಯ ನೀರು ಸಿಂಪಡಿಸಿದಾಗ ಮೊಳೆ ತುಕ್ಕು ಹಿಡಿದು ಮುರಿಯುತ್ತದೆ.

ಬಲೆಯನ್ನು ಮರದ ಚೌಕಟ್ಟಿಗೆ ಹಾಕಿ ಆ ಚೌಕಟ್ಟನ್ನು ಕಿಟಕಿಗೆ ಕೂರಿಸಿದರೆ ಈ ತೊಂದರೆಗಳು ನೀಗುತ್ತವೆ. ಬೆಳೆ ಮುಗಿದ ಮೇಲೆ ಬಿಚ್ಚಿ, ತೊಳೆದು, ಬಿಸಿಲಿಗಿಟ್ಟು, ಮತ್ತೆ ಕೂರಿಸಬಹುದು. ಆದರೆ ಚೌಕಟ್ಟಿನ ಗುಣವೆಲ್ಲ ಅದರ ನಾಲ್ಕು ಮೂಲೆಗಳಲ್ಲಿದೆ. ಮೂಲೆ ಸೊಟ್ಟಗಾದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ತಿರುಚಿದ ಚೌಕಟ್ಟು ಗೋಡೆಗೆ ಒತ್ತಿ ಕೂರುವುದಿಲ್ಲ. ಬಲೆ ಎಷ್ಟು ಒಳ್ಳೆಯದಾದರೇನು, ನೊಣ ಆ ಸಂದಿನಲ್ಲಿ ನುಸುಳುತ್ತದೆ. ಆದುದರಿಂದ ಮೂಲೆ ಕೂಡಿಸುವುದನ್ನು ಕಲಿಯೋಣ.

ಇದು ಆಚಾರ್ರ ಕೆಲಸವನ್ನು ಕಿತ್ತುಕೊಳ್ಳುವ ಮಾತಲ್ಲ. ಬಾಗಿಲು, ಗಾಡಿ, ನೇಗಿಲು ಅವರ ಕೈಯಲ್ಲೇ ಆಗಬೇಕು. ಗರಗಸದ ಹಲ್ಲಿಗೆ ಅರ ಹಾಕುವುದನ್ನೂ ಅವರಿಂದಲೇ ಕಲಿಯಿರಿ. ಆದರೆ ಬೆಳೆಯ ನಡುವೆ ಬಲೆ ಹರಿದಾಗ ಅವರಿಗೆ ಬಿಡುವಾಗುವವರೆಗೆ ನೊಣ ಕಾಯುವುದಿಲ್ಲ.

ಮರ ಮತ್ತು ಹತಾರ

ಕಾಡಿನ ಮರದ ಗೊಡವೆ ಬೇಡ. ಸ್ವಂತ ಬದುವಿನ ಸಿಲ್ವರ್ ಓಕ್ ಆಗಲಿ ಬೇವಾಗಲಿ ಕೊಯ್ಯಿಸಿಕೊಳ್ಳಬಹುದು. ಇಲ್ಲವಾದರೆ ಕೊಯ್ದ ರೀಪನ್ನೇ ಕೊಳ್ಳಿರಿ. ಮರ ಚೆನ್ನಾಗಿ ಒಣಗಿರಲೇಬೇಕು. ಮರವು ಒಣಗುವಾಗ ಉದ್ದದಲ್ಲಿ ಕುಗ್ಗುವುದಿಲ್ಲವೆಂದೇ ಹೇಳಬೇಕು, ಅಗಲದಲ್ಲಿ ಕುಗ್ಗುತ್ತದೆ. ಹಸಿ ಮರದಲ್ಲಿ ಓರೆಯಾಗಿ ಕೂಡಿಸಿದ ಮೂಲೆ ಒಣಗಿದ ಮೇಲೆ ಒಳಬದಿಯಲ್ಲಿ ಬಾಯಿ ಬಿಡುತ್ತದೆ.

ಬೇಕಾದ ಹತಾರಗಳು ಇಷ್ಟೇ: ಬೆನ್ನಿಗೆ ಪಟ್ಟಿಯಿರುವ ಸಣ್ಣ ಹಲ್ಲಿನ ಗರಗಸ, ಒಂದು ಅಂಗುಲದ ಉಳಿ, ಕೊಡತಿ, ಮೂಲೆಮಟ್ಟ, ಬೈರಿಗೆ, ಚೂಪಾದ ಪೆನ್ಸಿಲು. ಇವುಗಳ ಜೊತೆಗೆ ಒಂದು ಮೈಟರ್ ಪೆಟ್ಟಿಗೆ. ಮೈಟರ್ ಪೆಟ್ಟಿಗೆ ಎಂದರೆ ಮೇಲೆ ಮುಚ್ಚಳವಿಲ್ಲದ, ಎರಡು ತುದಿ ತೆರೆದ ದೋಣಿಯಂಥದು. ಅದರ ಗೋಡೆಗಳಲ್ಲಿ ಗರಗಸ ಓಡುವ ಸೀಳುಗಳಿರುತ್ತವೆ. ಆ ಸೀಳು ಗರಗಸವನ್ನು ಆಚೀಚೆ ಹೋಗಗೊಡದು. ಹೊಸಬರ ಕೈ ಅಲುಗಿದರೂ ಕೊಯ್ತ ಸೊಟ್ಟಗಾಗುವುದಿಲ್ಲ. ಅಂಗಡಿಯಲ್ಲಿ ಸಿಗುತ್ತದೆ, ಮನೆಯಲ್ಲೂ ಮಾಡಿಕೊಳ್ಳಬಹುದು.

ಮಾಡುವ ಬಗೆ ಹೀಗೆ. 2 ಅಡಿ ಉದ್ದ, 4 ಅಂಗುಲ ಅಗಲ, 1 ಅಂಗುಲ ದಪ್ಪದ ಹಲಗೆಯನ್ನು ತಳಕ್ಕಿಡಿ. ಅದರ ಎರಡು ಪಕ್ಕಕ್ಕೆ ಅಷ್ಟೇ ಉದ್ದದ, 3½ ಅಂಗುಲ ಎತ್ತರದ, 1 ಅಂಗುಲ ದಪ್ಪದ ಹಲಗೆಗಳನ್ನು ನಿಲ್ಲಿಸಿ ಸ್ಕ್ರೂ ಹಾಕಿ. ಗರಗಸ ಓಡುವ ಜಾಗದಲ್ಲಿ ಸ್ಕ್ರೂ ಇರಬಾರದು. ಈಗ ಪೆಟ್ಟಿಗೆಯ ಹೊರ ಅಗಲ 6 ಅಂಗುಲವಾಯಿತು. ಒಂದು ಗೋಡೆಯ ಮೇಲಂಚಿನಲ್ಲಿ 6 ಅಂಗುಲ ದೂರಕ್ಕೆ ಎರಡು ಗುರುತು ಹಾಕಿ, ಮೂಲೆಮಟ್ಟದಿಂದ ಎದುರು ಗೋಡೆಗೂ ಅದೇ ಗುರುತುಗಳನ್ನು ದಾಟಿಸಿ. 6 ಅಂಗುಲದ ಒಂದು ಚೌಕ ಸಿಕ್ಕಿತು. ಆ ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಗೆರೆ ಎಳೆದರೆ ಅದೇ 45 ಡಿಗ್ರಿ. ಪೆಟ್ಟಿಗೆಯ ಎಡಕ್ಕೆ ಒಂದು ಓರೆ, ಬಲಕ್ಕೆ ಅದಕ್ಕೆ ಎದುರಾದ ಇನ್ನೊಂದು ಓರೆ, ನಡುವೆ ಒಂದು ನೇರ. ಹೀಗೆ ಮೂರು ಸೀಳುಗಳನ್ನು ತಳದವರೆಗೆ ಕೊಯ್ದುಕೊಳ್ಳಿ. ಈ ಕೊಯ್ತವನ್ನು ಮಾತ್ರ ನಿಧಾನವಾಗಿ ಮಾಡಿರಿ. ಮುಂದಿನ ಎಲ್ಲ ಮೂಲೆಗಳೂ ಇದನ್ನೇ ನಂಬಿವೆ.

ಚೌಕಟ್ಟಿಗೆ ಅರ್ಧಕಚ್ಚು

ಕಿಟಕಿಯ ಬಾಯಿ 3 ಅಡಿ ಅಗಲ, 4 ಅಡಿ ಎತ್ತರ ಎಂದಿಟ್ಟುಕೊಳ್ಳೋಣ. ಸುತ್ತಲೂ 2 ಅಂಗುಲ ಗೋಡೆಯ ಮೇಲೆ ಕೂರಬೇಕು. ಆದ್ದರಿಂದ ಚೌಕಟ್ಟಿನ ಹೊರ ಅಳತೆ 3 ಅಡಿ 4 ಅಂಗುಲ, 4 ಅಡಿ 4 ಅಂಗುಲ. 2 ಅಂಗುಲ ಅಗಲ, 1 ಅಂಗುಲ ದಪ್ಪದ ರೀಪಿನಲ್ಲಿ ಈ ಅಳತೆಯ ಎರಡೆರಡು ತುಂಡು ಬೇಕು. ಕೂಡಿದರೆ 15 ಅಡಿ 4 ಅಂಗುಲ. ಕೊಯ್ತದ ನಷ್ಟ ಸೇರಿಸಿ 17 ಅಡಿ ತನ್ನಿರಿ. ತುಂಡುಗಳನ್ನು ಪೆಟ್ಟಿಗೆಯ ನೇರ ಸೀಳಿನಲ್ಲಿ ಕೊಯ್ಯಿರಿ. ಎದುರುಬದುರಿನ ಎರಡು ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಬಾರದು.

ಈಗ ಕಚ್ಚು. ಒಂದು ತುಂಡಿನ ತುದಿಯ ಮೇಲೆ ಇನ್ನೊಂದನ್ನು ಅಡ್ಡಲಾಗಿ ಇಟ್ಟು, ಅದರ ಅಂಚಿಗೇ ಪೆನ್ಸಿಲು ತಾಗಿಸಿ ಗೆರೆ ಎಳೆಯಿರಿ. ಟೇಪಿನ ಅಳತೆಗಿಂತ ಮರದ ಅಳತೆಯೇ ನಂಬಿಕೆಯದು. ದಪ್ಪದ ಅರ್ಧಕ್ಕೆ, ಅಂದರೆ ½ ಅಂಗುಲಕ್ಕೆ, ಎರಡು ಪಕ್ಕದಲ್ಲೂ ಗೆರೆ ಹಾಕಿ. ಗರಗಸವನ್ನು ಗೆರೆಯ ಮೇಲಿಡಬೇಡಿ. ತೆಗೆದು ಬಿಸಾಡುವ ಭಾಗದ ಕಡೆಗಿಟ್ಟು, ಗೆರೆಯನ್ನು ಉಳಿಸಿ ಕೊಯ್ಯಿರಿ. ಗರಗಸವೂ ಒಂದಷ್ಟು ಮರವನ್ನು ತಿನ್ನುತ್ತದೆ. ಅರ್ಧ ದಪ್ಪಕ್ಕೆ ಬಂದ ಕೂಡಲೆ ನಿಲ್ಲಿಸಿ. ಅಲ್ಲಿಂದ ತುದಿಯವರೆಗೆ ಕಾಲು ಅಂಗುಲಕ್ಕೊಂದರಂತೆ ಅಷ್ಟೇ ಆಳದ ಕೊಯ್ತ ಹಾಕಿ, ಉಳಿಯಿಂದ ಚೂರುಗಳನ್ನು ಎಬ್ಬಿಸಿ, ತಳವನ್ನು ಸಮ ಮಾಡಿರಿ. ಉದ್ದದ ತುಂಡುಗಳಿಗೆ ಮೇಲ್ಮುಖದಲ್ಲಿ, ಗಿಡ್ಡ ತುಂಡುಗಳಿಗೆ ಕೆಳಮುಖದಲ್ಲಿ ಕಚ್ಚು ಬರಬೇಕು. ಆಗ ಒಂದರೊಳಗೊಂದು ಕೂತು ಮೇಲೆ ಕೆಳಗೆ ಎಲ್ಲ ಸಮವಾಗುತ್ತದೆ.

ಗೋಂದು ಹಚ್ಚದೆ ಒಮ್ಮೆ ಕೂಡಿಸಿ ನೋಡಿ. ಎರಡು ಮೂಲೆಗೆರೆಗಳನ್ನೂ ದಾರದಿಂದ ಅಳೆಯಿರಿ. ನಮ್ಮ ಅಳತೆಗೆ ಅದು 65½ ಅಂಗುಲಕ್ಕೆ ಚೂರು ಹೆಚ್ಚು ಬರಬೇಕು. ಅಂಕಿಗಿಂತ ಮುಖ್ಯವಾದದ್ದು ಎರಡೂ ಒಂದೇ ಇರುವುದು. ಒಂದು ಹೆಚ್ಚಾದರೆ ಆ ಮೂಲೆಗಳನ್ನು ಒಳಕ್ಕೆ ಒತ್ತಿ ಸರಿಪಡಿಸಿ. ಬಳಿಕ ನೀರು ತಡೆಯುವ ಬಗೆಯ ಗೋಂದು ಹಚ್ಚಿ, ಸುತ್ತಲೂ ಹಗ್ಗ ಹಾಕಿ, ಹಗ್ಗದ ನಡುವೆ ಕಡ್ಡಿ ತೂರಿಸಿ ತಿರುಚಿದರೆ ಬಿಗಿ ಬರುತ್ತದೆ. ಮತ್ತೊಮ್ಮೆ ಮೂಲೆಗೆರೆ ಅಳೆದು ಒಂದು ರಾತ್ರಿ ಬಿಡಿ. ಮಾರನೆಯ ದಿನ ಪ್ರತಿ ಮೂಲೆಗೂ ಕಾಲು ಅಂಗುಲದ ಎರಡು ತೂತು ಕೊರೆದು ಒಣಗಿದ ಬಿದಿರಿನ ಗೂಟ ಹೊಡೆಯಿರಿ. ಬಿದಿರಿಗೆ ಬ್ಲೀಚಿಂಗ್ ನೀರಿನಿಂದ ತುಕ್ಕಿನ ಭಯವಿಲ್ಲ.

ಒತ್ತುಪಟ್ಟಿಗೆ ಮೈಟರ್ ಮೂಲೆ

ಬಲೆಯನ್ನು ಚೌಕಟ್ಟಿನ ಮೇಲೆ ಹಾಸಿ, ಮೇಲಿನಿಂದ ತೆಳುವಾದ ಪಟ್ಟಿಯಿಂದ ಒತ್ತಿ ಹಿಡಿಯಬೇಕು. 1 ಅಂಗುಲ ಅಗಲ, ¼ ಅಂಗುಲ ದಪ್ಪದ ಪಟ್ಟಿ ಸಾಕು. ಈ ಪಟ್ಟಿಯ ಮೂಲೆಗಳನ್ನು 45 ಡಿಗ್ರಿ ಓರೆಯಾಗಿ ಕೊಯ್ದು ಕೂಡಿಸಬೇಕು. ಎರಡು 45 ಸೇರಿ 90 ಆಗಿ ಮೂಲೆ ಸರಿಯಾಗುತ್ತದೆ. ಇದೇ ಮೈಟರ್ ಮೂಲೆ.

ಚೌಕಟ್ಟಿಗೂ ಇದನ್ನೇ ಏಕೆ ಮಾಡಬಾರದು ಎಂದರೆ, ಇದು ನೋಟಕ್ಕೆ ಚೆಂದ, ಬಲಕ್ಕೆ ಸಾಲದು. ಇದರಲ್ಲಿ ಕೂಡುವುದು ಕಡಿದ ನಾರಿನ ತುದಿಗಳು. ಅವು ಗೋಂದನ್ನು ಹೀರಿಕೊಂಡುಬಿಡುತ್ತವೆ, ಹಿಡಿತ ಬರುವುದಿಲ್ಲ. ಅರ್ಧಕಚ್ಚಿನಲ್ಲಾದರೋ ನಾರಿನ ಅಗಲ ಮೈಗಳೇ ಒಂದರ ಮೇಲೊಂದು ಕೂರುತ್ತವೆ. ಆದುದರಿಂದ ಭಾರ ಹೊರುವುದಕ್ಕೆ ಅರ್ಧಕಚ್ಚು, ಒತ್ತಿ ಹಿಡಿಯುವುದಕ್ಕೆ ಮೈಟರ್. ಇದನ್ನು ನೆನಪಿಟ್ಟುಕೊಂಡರೆ ಸಾಕು.

ಪಟ್ಟಿಯ ಹೊರ ಅಂಚಿನ ಉದ್ದ ಚೌಕಟ್ಟಿನ ಹೊರ ಅಳತೆಯಷ್ಟೇ. ಕೊಯ್ದ ಮೇಲೆ ಹೊರ ಅಂಚು ಉದ್ದ, ಒಳ ಅಂಚು ಗಿಡ್ಡವಾಗಿರಬೇಕು. ಎರಡು ತುದಿಯ ಓರೆಗಳೂ ಒಂದಕ್ಕೊಂದು ಎದುರಾಗಿರಬೇಕು. ಹೊಸಬರು ಎರಡನ್ನೂ ಒಂದೇ ಕಡೆಗೆ ಓರೆ ಮಾಡಿಬಿಡುವುದುಂಟು. ಕೊಯ್ಯುವ ಮೊದಲು ಹೊರ ಅಂಚಿಗೆ ಪೆನ್ಸಿಲಿನಿಂದ "ಹೊ" ಎಂದು ಬರೆದಿಟ್ಟುಕೊಂಡರೆ ಈ ಗೊಂದಲವಿಲ್ಲ. ಒಂದೊಂದು ಕೊಯ್ತದಲ್ಲಿ 1 ಡಿಗ್ರಿ ತಪ್ಪಿದರೆ ಎಂಟು ಕೊಯ್ತಕ್ಕೆ 8 ಡಿಗ್ರಿ. ಆ ತಪ್ಪೆಲ್ಲ ಕೊನೆಯ ಮೂಲೆಯಲ್ಲಿ ಸೇರಿ ಬಾಯಿ ಬಿಡುತ್ತದೆ, ಅಲ್ಲಿ ಬಲೆಗೆ ಒತ್ತು ಸಿಗದೆ ಸಡಿಲವಾಗುತ್ತದೆ. ಮೊದಲು ಬೇಡದ ತುಂಡಿನಲ್ಲಿ ಎರಡು ಕೊಯ್ತ ಹಾಕಿ ಮೂಲೆಮಟ್ಟ ಹಿಡಿದು ನೋಡಿಕೊಳ್ಳಿ.

ಬಲೆಯನ್ನು ಮೊದಲು ಮೇಲಿನ ಪಟ್ಟಿಗೆ ಸಿಕ್ಕಿಸಿ, ಕೆಳಕ್ಕೆ ಎಳೆದು ಕೆಳಗಿನ ಪಟ್ಟಿ, ಆಮೇಲೆ ಎರಡು ಪಕ್ಕದ ಪಟ್ಟಿ ಬಿಗಿಯಿರಿ. ನಡುವಿನಿಂದ ಮೂಲೆಯ ಕಡೆಗೆ ಸಾಗಿರಿ. ಪಟ್ಟಿಗೆ ಗೋಂದು ಬೇಡ, ಸಣ್ಣ ಹಿತ್ತಾಳೆ ಸ್ಕ್ರೂ ಹಾಕಿ. ಬಲೆ ಹರಿದ ದಿನ ಬಿಚ್ಚಿ ಬೇರೆ ಹಾಕಬಹುದು. ಹುಳುಮನೆಯ ತೇವ ಮರಕ್ಕೆ ತಾಗದಂತೆ ಬಣ್ಣ ಬಳಿಯುವುದಾದರೆ, ಬಲೆ ಹಾಕುವ ಮೊದಲೇ, ಮನೆಯ ಹೊರಗೆ ಬಳಿಯಿರಿ. ವಾಸನೆ ಪೂರ್ತಿ ಹೋದ ಮೇಲೆಯೇ ಚೌಕಟ್ಟನ್ನು ಒಳಕ್ಕೆ ತನ್ನಿರಿ; ಹುಳು ಆ ವಾಸನೆಯನ್ನು ತಾಳಲಾರದು.

ವಿದ್ಯುತ್ ಗರಗಸ ಬಳಸುವವರಿಗೆ

ಈಗ ವಿದ್ಯುತ್ತಿನ ಮೈಟರ್ ಗರಗಸಗಳು ಬಂದಿವೆ. ಕೆಲಸ ಬೇಗ ಆಗುತ್ತದೆ, ಅಷ್ಟೇ ಬೇಗ ಬೆರಳೂ ಹೋಗುತ್ತದೆ. ಹೆಗಲ ಮೇಲಿನ ಟವೆಲು, ಜೋಲುವ ಸೆರಗು, ಸಡಿಲ ತೋಳು ಇರಬಾರದು. ಕಣ್ಣಿಗೆ ಕನ್ನಡಕ ಬೇಕು. ಅಲಗಿನಿಂದ ಕೈ 6 ಅಂಗುಲ ದೂರವಿರಲಿ. ಅದಕ್ಕಿಂತ ಗಿಡ್ಡ ತುಂಡನ್ನು ಕೈಯಲ್ಲಿ ಹಿಡಿದು ಕೊಯ್ಯಬೇಡಿ. ಚಕ್ರ ಪೂರ್ತಿ ನಿಲ್ಲುವವರೆಗೆ ತುಂಡನ್ನು ಎತ್ತಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಒಂದೆರಡು ಕಿಟಕಿಯ ಕೆಲಸಕ್ಕೆ ಕೈಗರಗಸವೇ ಧಾರಾಳ.

ಕೊನೆಯ ಮಾತು

ಚೌಕಟ್ಟನ್ನು ಕೂರಿಸುವಾಗ ಗೋಡೆಗೂ ಮರಕ್ಕೂ ನಡುವೆ ಸೀಳಿದ ಹಳೆಯ ಸೈಕಲ್ ಟ್ಯೂಬನ್ನು ಸುತ್ತಲೂ ಇಟ್ಟು ಬಿಗಿಯಿರಿ. ಬಾಗಿಲಿಗೂ ಇದೇ ಬಗೆಯ ಬಲೆ ಬೇಕು. ಸಾಧ್ಯವಾದವರು ಬಾಗಿಲ ಮುಂದೆ ಒಂದು ಸಣ್ಣ ಕೋಣೆ ಮಾಡಿ ಎರಡು ಬಾಗಿಲು ಇಡಿ, ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಿರಿ. ಸೊಪ್ಪಿನ ಹೊರೆಯನ್ನು ಒಳಗೆ ತರುವ ಮೊದಲು ಕೊಡವಿರಿ.

ಮುಂದಿನ ಚಾಕಿ ತರುವ ಮೊದಲು ಒಂದೇ ಒಂದು ಕಿಟಕಿಗಾದರೂ ಮಾಡಿ ನೋಡಿರಿ. ಸರಿಯಾಯಿತೇ ಇಲ್ಲವೇ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ನಡುಹಗಲಲ್ಲಿ ಹುಳುಮನೆಯೊಳಗೆ ನಿಂತು ಬಾಗಿಲು ಮುಚ್ಚಿ, ಚೌಕಟ್ಟಿನ ಸುತ್ತ ಕಣ್ಣಾಡಿಸಿರಿ. ಬೆಳಕು ಬಲೆಯ ಮೂಲಕ ಮಾತ್ರ ಬರಬೇಕು. ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಅದೇ ನೊಣದ ದಾರಿ. ಆ ಗೆರೆ ಅಳಿಯುವವರೆಗೆ ಸರಿಪಡಿಸಿರಿ.