ಊರ ಆರೋಗ್ಯ ಕಾಯುವ ಉದ್ಯೋಗ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಗೊಬ್ಬರದ ಪಾಠ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸ್ವಾಮಿ, ಮಗ ಪಿಯುಸಿ ಮುಗಿಸಿದ್ದಾನೆ. ಹೆಲ್ತ್ ಇನ್ಸ್‌ಪೆಕ್ಟರ್ ಕೋರ್ಸಿಗೆ ಸೇರ್ತೀನಿ ಅಂತಾನೆ. ಚರಂಡಿ ಕೆಲಸಕ್ಕೆ ಕಳಿಸ್ತೀಯಾ ಅಂತ ನೆಂಟರು ನಗ್ತಾರೆ. ಏನು ಮಾಡಲಿ?" ಎಂದು ಕೇಳಿದರು. ಈ ಪ್ರಶ್ನೆ ಅವರೊಬ್ಬರದಲ್ಲ. ಆದ್ದರಿಂದ ಎಲ್ಲರೆದುರಿಗೇ ಉತ್ತರ ಹೇಳುತ್ತೇನೆ.

ಆರೋಗ್ಯ ನಿರೀಕ್ಷಕರ ಕೆಲಸವೆಂದರೆ ರೋಗ ಬರುವ ಮೊದಲೇ ಅದರ ದಾರಿ ಕಟ್ಟುವುದು. ಬಾವಿಯ ನೀರನ್ನು ಅಳೆದು, ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಹಾಕಿಸಬೇಕು. ಒಂದು ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ನೀರು ಕೊಳೆಯಾಗಿದ್ದರೆ ಪ್ರಮಾಣ ಹೆಚ್ಚಿಸಬೇಕು. ಶೌಚದ ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿದೆಯೇ, ತೊಟ್ಟಿಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜುತ್ತಾರೆಯೇ ಎಂದು ನೋಡಬೇಕು. ಎಕರೆಗೆ ಎಷ್ಟು ಯೂರಿಯಾ ಎಂದು ಲೆಕ್ಕ ಹಾಕುವ ಮನೆಯ ಹುಡುಗನಿಗೆ ಇದು ಅಪರಿಚಿತ ವಿದ್ಯೆಯಲ್ಲ.

ನನ್ನ ಬೇಸಾಯ ಶಾಸ್ತ್ರಕ್ಕೂ ಇದಕ್ಕೂ ಹಳೆಯ ನಂಟಿದೆ. ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ ಕಾಂಪೋಸ್ಟ್ ಮಾಡುವ 'ಬೆಂಗಳೂರು ಪದ್ಧತಿ'ಯನ್ನು 1939ರಲ್ಲಿ ಡಾ. ಸಿ.ಎನ್. ಆಚಾರ್ಯ ರೂಪಿಸಿದರು. ಊರು ಚೊಕ್ಕಟವಾಗುವುದೂ ಹೊಲಕ್ಕೆ ಗೊಬ್ಬರ ಸಿಗುವುದೂ ಒಂದೇ ಕೆಲಸದ ಎರಡು ಫಲಗಳು.

ಇನ್ನು ನಗುವವರ ಮಾತು. ಈ ಕೆಲಸ ಕೀಳೆಂದು ನಾವು ಒಂದೆರಡು ಜಾತಿಯವರ ತಲೆಯ ಮೇಲೆ ಹೊರಿಸಿ ಕುಳಿತೆವು. ಮಲದ ಗುಂಡಿಯೊಳಗಿನ ವಿಷಗಾಳಿ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಸಾಯುತ್ತಾನೆ. ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಆದರೆ ಕಾಯಿದೆ ತಾನಾಗಿ ಗುಂಡಿಯ ಬಳಿ ಬಂದು ನಿಲ್ಲುವುದಿಲ್ಲ. "ಇಳಿಯಬೇಡ, ಯಂತ್ರ ತರಿಸಿ" ಎಂದು ಗಟ್ಟಿಯಾಗಿ ಹೇಳುವ ತಿಳಿವಳಿಕೆಯುಳ್ಳ ಒಬ್ಬ ಮನುಷ್ಯ ಅಲ್ಲಿರಬೇಕು. ನಿಮ್ಮ ಮಗ ಆ ಮನುಷ್ಯನಾಗಬಹುದು.

ಕಷ್ಟಗಳನ್ನೂ ಮುಚ್ಚಿಡಬಾರದು. ಬೆಳಗಿನ ಜಾವವೇ ಏಳಬೇಕು. ಕೊಳಕು ಹೋಟೆಲಿಗೆ ನೋಟಿಸು ಕೊಟ್ಟರೆ ಮಾಲೀಕರ ನಿಷ್ಠುರ ಕಟ್ಟಿಕೊಳ್ಳಬೇಕು. ಸರ್ಕಾರಿ ಹುದ್ದೆಗೆ ಕಾಯಬೇಕಾಗಬಹುದು. ಆದರೆ ಆರೋಗ್ಯ ಕೇಂದ್ರ, ಪುರಸಭೆಗಳಲ್ಲದೆ ಆಸ್ಪತ್ರೆ, ಕಾರ್ಖಾನೆಗಳಲ್ಲಿಯೂ ಇಂಥವರು ಬೇಕು. ಡಿಪ್ಲೊಮಾಕ್ಕೆ ಹಣ ಕಟ್ಟುವ ಮೊದಲು ಆ ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ವಿಚಾರಿಸಿ. ಹೆಣ್ಣುಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ.

ಯಜಮಾನರೇ, ಬೆಳೆಗೆ ರೋಗ ಬಂದ ಮೇಲೆ ಔಷಧಿ ಹೊಡೆಯುವುದಕ್ಕಿಂತ ಬೀಜೋಪಚಾರ ಮೇಲೆಂದು ನೀವೇ ಒಪ್ಪುತ್ತೀರಿ. ನಿಮ್ಮ ಮಗ ಕಲಿಯಲು ಹೊರಟಿರುವುದು ಊರಿನ ಬೀಜೋಪಚಾರ. ಸಂತೋಷದಿಂದ ಕಳಿಸಿಕೊಡಿ.